ತಂದೆಯವರ ಕತ್ತಿ

ಕ್ಷೌರದ ಕತ್ತಿಯನ್ನು ಮಸೆಯುವುದು ಕುಡುಗೋಲು ಮಸೆದಂತಲ್ಲ. ಕುಡುಗೋಲಿನ ಓರೆಯನ್ನು ಮಸೆಯುವವನ ಕೈಯೇ ಕಾಯಬೇಕು. ಕ್ಷೌರದ ಕತ್ತಿಗಾದರೋ ದಪ್ಪನೆಯ ಬೆನ್ನಿದೆ. ಬೆನ್ನನ್ನೂ ಬಾಯನ್ನೂ ಒಟ್ಟಿಗೆ ಕಲ್ಲಿನ ಮೇಲೆ ಮಲಗಿಸಿದರೆ 16-17 ಡಿಗ್ರಿಯ ಆಸುಪಾಸಿನ ಕೋನ ತಾನಾಗಿಯೇ ಒದಗುತ್ತದೆ. ಬಾಯಿ ಸವೆದಂತೆ ಬೆನ್ನೂ ಸವೆಯುವುದರಿಂದ ವರ್ಷಗಳು ಕಳೆದರೂ ಅದು ಹೆಚ್ಚು ಕೆಡುವುದಿಲ್ಲ. ಮೂವತ್ತು ವರ್ಷ ರೇಖಾಗಣಿತ ಬೋಧಿಸಿದ ನನಗೆ ಈ ಏರ್ಪಾಡು ಇಂದಿಗೂ ಬೆರಗಿನ ಸಂಗತಿ. ಸಮದ್ವಿಬಾಹು ತ್ರಿಭುಜವೊಂದನ್ನು ಯಾರೋ ಉಕ್ಕಿನಲ್ಲಿ ಎರೆದಿಟ್ಟಂತಿದೆ!

ನಮ್ಮ ತಂದೆಯವರು ಬಿಟ್ಟುಹೋದ ಕತ್ತಿ ಜರ್ಮನಿಯ ಸೋಲಿಂಗೆನ್ ಊರಿನದು. ಕ್ಷೌರಿಕರು ಮನೆಬಾಗಿಲಿಗೇ ಬರುತ್ತಿದ್ದ ಕಾಲದಲ್ಲೂ ಅವರು ತಮ್ಮ ಗಡ್ಡವನ್ನು ತಾವೇ ಹೆರೆದುಕೊಳ್ಳುತ್ತಿದ್ದರು. ಬಹುಕಾಲ ಪೆಟ್ಟಿಗೆಯಲ್ಲಿ ಮಲಗಿದ್ದ ಅದನ್ನು ನಿವೃತ್ತಿಯ ನಂತರ ಹೊರತೆಗೆದೆ. ಬಿಸಿಲಿಗೆ ಹಿಡಿದು ನೋಡಿದರೆ ಒಂದು ಬದಿಯ ಓರೆ ಅಗಲ, ಇನ್ನೊಂದು ಬದಿಯದು ಕಿರಿದು. ಹಿಡಿಯ ಕಡೆಗೆ ಬೆನ್ನು ಹೆಚ್ಚು ತೇದಿತ್ತು. ದೂಡುವಾಗ ಹಗುರವಾಗಿದ್ದು ಎಳೆಯುವಾಗ ಒತ್ತುವ ಕೈ ಅವರದೆಂದು ಅದರಿಂದಲೇ ತಿಳಿಯಿತು. ಅವರ ಕೈಬರಹದ ಕಾಗದಗಳು ನಮ್ಮ ಮನೆಯಲ್ಲಿ ಹೆಚ್ಚು ಉಳಿದಿಲ್ಲ.

ಮಸೆಯುವ ಕ್ರಮವನ್ನು ಹೇಳಿಕೊಟ್ಟವರು ನಮ್ಮ ಬೀದಿಯ ವೃದ್ಧ ಕ್ಷೌರಿಕರು. ಏಡ್ಸ್ ಕುರಿತ ತಿಳಿವಳಿಕೆ ಹರಡಿದ ಮೇಲೆ ಅವರೂ ಹಳೆಯ ಕತ್ತಿಯನ್ನು ಬದಿಗಿಟ್ಟು, ಗಿರಾಕಿಗೊಂದು ಹೊಸ ಅರ್ಧ ಬ್ಲೇಡು ಹಾಕುವ ಕತ್ತಿಗೆ ಬಂದರು. ಅದು ಸರಿಯಾದದ್ದೇ. "ಮೇಷ್ಟ್ರೇ, ಮೊದಲು ಕಲ್ಲು ನೋಡಿ, ಆಮೇಲೆ ಕತ್ತಿ" ಎಂಬುದು ಅವರ ಮೊದಲ ಮಾತು. ನಡುವೆ ತಗ್ಗಾದ ಕಲ್ಲು ಯಾವ ಕತ್ತಿಯನ್ನೂ ಸಮನಾಗಿ ಮಸೆಯದು. ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದು, ಗಾಜಿನ ಮೇಲೆ ಹಾಸಿದ ಒದ್ದೆ ಮರಳುಕಾಗದಕ್ಕೆ ಉಜ್ಜಬೇಕು. ಗೆರೆಗಳೆಲ್ಲ ಅಳಿದಾಗ ಕಲ್ಲು ಸಮವಾಯಿತೆಂದು ಅರ್ಥ.

ಕಲ್ಲಿನ ಮೇಲೆ ಬಾಯಿ ಮುಂದಾಗಿ ಸಾಗಬೇಕು, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ. ಮಗ್ಗುಲು ಬದಲಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಬಾಯಿಯ ಮೇಲೆ ಹೊರಳಿಸಿದರೆ ಅಷ್ಟು ಹೊತ್ತಿನ ಶ್ರಮ ಹೋಯಿತು. ಕಲ್ಲಿನ ಅಗಲಕ್ಕಿಂತ ಅಲಗು ಉದ್ದವಾದ್ದರಿಂದ ಎಳೆತ ಓರೆಯಾಗಿರಬೇಕು. ಹಿಡಿಯ ಕಡೆಯಿಂದ ಹೊರಟು ತುದಿಯಲ್ಲಿ ಮುಗಿಯಬೇಕು. ಎರಡು ಮಗ್ಗುಲಿನ ಎಳೆತಗಳನ್ನು ಕೂಡಿಸಿದರೆ ಗುಣಾಕಾರದ ಚಿಹ್ನೆ. ಒತ್ತಡವೆಂದರೆ ಕತ್ತಿಯ ಭಾರ, ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ನಡುವೆ ಒತ್ತುತ್ತ ಹೋದರೆ ಬಾಯಿ ಒಳಕ್ಕೆ ಬಾಗುತ್ತದೆ. ಅಂಥ ಕತ್ತಿ ಕೆನ್ನೆಗೆ ಸಮನಾಗಿ ತಾಗುವುದೇ ಇಲ್ಲ.

1000 ಅಂಕಿಯ ಕಲ್ಲಿನಿಂದ ತೊಡಗಿ 4000, 8000ಕ್ಕೆ ಏರುವ ಮೊದಲು ಓರೆಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ಎರಡು ಎಳೆತ ಎಳೆದೆ. ತುದಿಯ ಕಡೆ ಶಾಯಿ ಹಾಗೆಯೇ ಉಳಿಯಿತು. ಹಿಡಿಯ ಕಡೆ ತೇದ ಬೆನ್ನು ತುದಿಯನ್ನು ಕಲ್ಲಿಗೆ ತಾಗಗೊಡುತ್ತಿರಲಿಲ್ಲ.

ಇನ್ನು ಎರಡೇ ದಾರಿ. ಒರಟು ಕಲ್ಲಿನಲ್ಲಿ ಬೆನ್ನು, ಬಾಯಿ ಎರಡನ್ನೂ ತೇದು ಓರೆಗಳನ್ನು ಸರಿಸಮ ಮಾಡಬಹುದು. ನೋಡಲು ಚೆನ್ನ. ಆದರೆ ಅಲಗಿನ ಅಗಲ ಕಡಿಮೆಯಾಗುತ್ತದೆ, ಒಮ್ಮೆ ಹೋದ ಉಕ್ಕು ಮರಳಿ ಬಾರದು. ತಂದೆಯವರ ಕೈಯ ಗುರುತೂ ಅದರೊಡನೆ ಹೋಗುತ್ತದೆ. ಇನ್ನೊಂದು ದಾರಿ, ಕತ್ತಿ ಇದ್ದಂತೆಯೇ ಇರಲೆಂದು ಬಿಟ್ಟು, ಎಳೆತದ ಕೊನೆಯಲ್ಲಿ ಭಾರವನ್ನು ಮೆಲ್ಲನೆ ತುದಿಗೆ ಜಾರಿಸುವುದು. ಓರೆಗಳ ಅಗಲ ಹೆಚ್ಚುಕಡಿಮೆಯಿದ್ದರೂ ಬಾಯಿಯ ಉದ್ದಕ್ಕೂ ಅವೆರಡೂ ಒಂದೇ ಗೆರೆಯಲ್ಲಿ ಕೂಡಿದರೆ ಕೂದಲು ಕತ್ತರಿಸಲು ಅಡ್ಡಿಯಿಲ್ಲ. "ಮಷೀನಿಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಆಗುತ್ತಲ್ಲಪ್ಪ" ಎಂದ ಮಗ. ಬೇಡವೆಂದೆ.

ಮೂರು ಸಂಜೆ ಹಿಡಿಯಿತು. ಮೂರನೆಯ ಸಂಜೆ ಶಾಯಿ ಹಿಡಿಯಿಂದ ತುದಿಯವರೆಗೆ ಒಂದೇ ಸಮನೆ ಅಳಿಯಿತು. ಈಗ ಭಾನುವಾರಗಳಂದು ಆ ಕತ್ತಿಯಲ್ಲೇ ನನ್ನ ಕ್ಷೌರ. ಅಗಲ ಓರೆ ಇನ್ನೂ ಅಗಲವಾಗಿಯೇ ಇದೆ.