ಬಿಲ್ಲೆ ಹುಡುಕುತ್ತಾ ನಾಲ್ಕು ತಾಲ್ಲೂಕು

ಕೊಪ್ಪಳ ಸೀಮೆಗೆ ಹೋದವರು ಕಲ್ಲನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಬಸ್ಸಿನ ಕಿಟಕಿಯಾಚೆ ಕಣ್ಣು ಹಾಯಿಸಿದಷ್ಟು ದೂರ ಗುಂಡುಕಲ್ಲು, ಹಾಸುಗಲ್ಲು, ಕಲ್ಲುಚೂರು. ಆದರೆ ಕುಷ್ಟಗಿಯ ಏಳನೆಯ ತರಗತಿಯ ಹುಡುಗಿಯೊಬ್ಬಳಿಗೆ ದಸರಾ ರಜೆಯಲ್ಲಿ ಬೇಕಾಗಿದ್ದುದು ಒಂದೇ ಒಂದು ಕಲ್ಲು. ಅದು ಅಂಗೈಗಿಂತ ಚಿಕ್ಕದಾಗಿರಬೇಕು, ನಂಬಿಕೆಗೆ ಅರ್ಹವಾಗಿರಬೇಕು.

ಅವಳ ಆಟ ಕುಂಟಾಬಿಲ್ಲೆ. ಕೆಲವು ಕಡೆ ಇದನ್ನೇ ಕುಂಟಲಿಪಿ ಎನ್ನುತ್ತಾರೆ. ನೆಲದ ಮೇಲೆ ಮನೆಗಳನ್ನು ಗೀಚಿ, ಬಿಲ್ಲೆಯನ್ನು ಗೊತ್ತಾದ ಮನೆಗೆ ಎಸೆದು, ಒಂಟಿಕಾಲಿನಲ್ಲಿ ಕುಂಟುತ್ತ ಅದನ್ನು ತಳ್ಳಿಕೊಂಡು ಬರಬೇಕು. ಬಿಲ್ಲೆ ಗೆರೆ ಮುಟ್ಟಿದರೆ ಆಟ ಹೋಯಿತು. ಶಾಲೆಯಲ್ಲಿ ಗೆಳತಿಯರೆದುರು ಅವಳ ಬಿಲ್ಲೆ ದಿನವೂ ಗೆರೆ ಮುಟ್ಟುತ್ತಿತ್ತು. ದಿನಕ್ಕೊಂದು ಬಿಲ್ಲೆ ಬದಲಾಯಿಸಿದರೂ ಸೋಲು ಬದಲಾಗಲಿಲ್ಲ. ‘ಇನ್ನ ನಾ ಆಡಂಗಿಲ್ಲ’ ಎಂದು ಮನೆಗೆ ಬಂದು ಕೂತಳು. ಗಂಗಾವತಿಯ ಅಜ್ಜಿಯ ಮನೆಗೆ ಹೇಗೂ ಹೋಗಬೇಕಿತ್ತು. ತಂದೆ, ‘ನಡಿಯವ್ವ, ದಾರ್‍ಯಾಗ ಬಿಲ್ಲಿ ಹುಡುಕೋಣು’ ಎಂದು ಸುತ್ತಿನ ದಾರಿ ಹಿಡಿದರು.

ಮೊದಲ ಬಿಲ್ಲೆ ಕುಷ್ಟಗಿಯಲ್ಲೇ ಸಿಕ್ಕಿತು. ಈ ತಾಲ್ಲೂಕು ಗ್ರಾನೈಟ್ ಗಣಿಗಳ ನೆಲ. ದಾರಿಬದಿಯಲ್ಲಿ ಬಿದ್ದಿದ್ದ ಕೆಂಪು ಛಾಯೆಯ ಚೂರೊಂದನ್ನು ಅವಳು ಚೀಲಕ್ಕೆ ಹಾಕಿಕೊಂಡಳು. ಒಂದು ಮಗ್ಗುಲು ನಯ, ಇನ್ನೊಂದು ಮಗ್ಗುಲು ಮೂಲೆಮೂಲೆ. ಕೈಗೆ ಭಾರವೆನಿಸುವ, ನೋಡಲು ಚೆಂದದ ಚೂರು.

ಯಲಬುರ್ಗಾದ ಕಡೆ ತಿರುಗಿದಂತೆ ಮಸಾರಿ ನೆಲ ಹೋಗಿ ಎರೆ ನೆಲ ಬಂದಿತು. ಕುಕನೂರಿನಿಂದ ಸ್ವಲ್ಪ ದೂರದಲ್ಲಿ ಇಟಗಿಯ ಮಹಾದೇವ ದೇವಾಲಯವಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿನ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಕನ್ನಡಿಯಂತೆ ಹೊಳೆಯುವ ದುಂಡು ಕಂಬಗಳನ್ನು ಮುಟ್ಟಿದ ಹುಡುಗಿಗೆ ಕಲ್ಲನ್ನು ಹೀಗೂ ಕಡೆಯಬಹುದೇ ಎಂಬ ಬೆರಗು. ಇದು ಬಳಪದ ಕಲ್ಲು. ಇದರಲ್ಲಿ ಮೆದು ಖನಿಜಗಳು ಹೆಚ್ಚು. ಗ್ರಾನೈಟಿಗೆ ಮಣಿಯದ ಉಳಿ ಇದರಲ್ಲಿ ಹೂಬಳ್ಳಿ ಬಿಡಿಸಬಲ್ಲದು. ಗುಡಿಯ ಬಳಿಯ ಚೂರನ್ನು ಮುಟ್ಟಲು ತಂದೆ ಬಿಡಲಿಲ್ಲ. ಕುಕನೂರಿನ ಪರಿಚಯದವರ ಮನೆಯಲ್ಲಿ ಒಡೆದ ಕಲ್ಲಿನ ಮರಿಗೆಯ ತುಂಡೊಂದು ಸಿಕ್ಕಿತು. ಅದು ಎರಡನೆಯ ಬಿಲ್ಲೆ.

ಕೊಪ್ಪಳದಲ್ಲಿ ಇಬ್ಬರೂ ಪಾಲ್ಕಿಗುಂಡು ಹತ್ತಿದರು. ಬಂಡೆಗಳ ಮೇಲೆ ಪಲ್ಲಕ್ಕಿಯ ಚಾವಣಿಯಂತೆ ಕೂತ ಭಾರಿ ಹಾಸುಗಲ್ಲು; ಅಲ್ಲಿ ಅಶೋಕನ ಶಾಸನ. ಇದೂ ಗವಿಮಠದ ಶಾಸನವೂ 1931ರಲ್ಲಿ ಬೆಳಕಿಗೆ ಬಂದವು. ‘ಇಷ್ಟ ದೊಡ್ಡ ಕಲ್ಲ ಯಾಕ ಬೀಳವಲ್ದು?’ ಎಂದಳು ಮಗಳು. ಕಲ್ಲಿನ ಗುರುತ್ವ ಕೇಂದ್ರದಿಂದ ನೇರ ಕೆಳಗೆ ಎಳೆದ ಗೆರೆ ಅದರ ಆಸರೆಗಳ ನಡುವೆಯೇ ಬೀಳುತ್ತದೆ. ಅಲ್ಲಿಯವರೆಗೂ ಅದಕ್ಕೆ ಉರುಳುವ ಕಾರಣವಿಲ್ಲ. ಚಪ್ಪಟೆಯಾದುದು ನಿಲ್ಲುತ್ತದೆ, ದುಂಡಾದುದು ಉರುಳುತ್ತದೆ. ಬಿಲ್ಲೆಯ ಮೊದಲ ಪಾಠ ಅದೇ.

ಬೊಂಬೆಗಳಿಗೆ ಹೆಸರಾದ ಕಿನ್ನಾಳದಲ್ಲಿ ಹಗುರ ಮರದ ತುಂಡೊಂದು ಮೂರನೆಯದಾಗಿ ಚೀಲ ಸೇರಿತು. ಅಲ್ಲಿಂದ ಗಂಗಾವತಿಯ ದಾರಿಯಲ್ಲಿ ಸಿಗುವುದು ಹಿರೇಬೆಣಕಲ್. ಗುಡ್ಡ ಹತ್ತಿ ಹೋದರೆ ಕಲ್ಲುಚಪ್ಪಡಿಗಳಿಂದ ಕಟ್ಟಿದ ನೂರಾರು ಸಮಾಧಿಗಳು. ಊರವರ ಬಾಯಲ್ಲಿ ಅವು ‘ಮೋರ್ಯರ ಮನೆ’ಗಳು. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ಬೃಹತ್ ಶಿಲಾ ಸಂಸ್ಕೃತಿಯ ನೆಲೆ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿತು. ಕೆಲವು ಚಪ್ಪಡಿಗಳಲ್ಲಿ ದುಂಡಗೆ ಕೊರೆದ ಕಿಂಡಿಗಳು. ಅಲ್ಲೇ ಮಣ್ಣಿನಲ್ಲಿ ಅರ್ಧ ಹೂತಿದ್ದ ಬೋಕಿಯ ಚೂರೊಂದು ಹುಡುಗಿಯ ಕಣ್ಣಿಗೆ ಬಿತ್ತು.

‘ಅಪ್ಪಾ, ಎಷ್ಟ ಚಂದ ದುಂಡಗೈತಿ ನೋಡು! ಇದನ್ನ ತಗೊಳ್ಳಲಿ?’

‘ಬ್ಯಾಡವ್ವ. ಇಲ್ಲೇ ಬಿದ್ದಿದ್ರ ಅದಕ್ಕ ಮಾತು ಬರತೈತಿ. ನಿನ್ನ ಚೀಲದಾಗ ಹೋದ್ರ ಅದು ಬರೀ ಬೋಕಿ.’

ತಂದೆಯ ಮಾತಿನಲ್ಲಿ ತಥ್ಯವಿದೆ. ಹಳೆಯ ಮಡಕೆಚೂರು ಯಾವ ಜಾಗದಲ್ಲಿ, ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದೇ ಅದರ ಇತಿಹಾಸ. ಅಲ್ಲಿಂದ ಎತ್ತಿದರೆ ಆ ಇತಿಹಾಸ ಅಳಿಸಿಹೋಗುತ್ತದೆ. ಇನ್ನೊಂದು ಸ್ವಾರಸ್ಯವೂ ಇದೆ. ಭಾರತದ ಹಲವು ಉತ್ಖನನಗಳಲ್ಲಿ ಬೋಕಿಯ ಅಂಚು ತಿಕ್ಕಿ ದುಂಡಗೆ ಮಾಡಿದ ಬಿಲ್ಲೆಗಳು ಸಿಕ್ಕಿವೆ. ಪುರಾತತ್ವಜ್ಞರು ತಮ್ಮ ವರದಿಗಳಲ್ಲಿ ಅವುಗಳಿಗೆ ಕುಂಟಾಬಿಲ್ಲೆಯ ಇಂಗ್ಲಿಷ್ ಹೆಸರನ್ನೇ ಇಟ್ಟಿದ್ದಾರೆ. ಅವೆಲ್ಲ ಆಟದವೇ ಎಂದೇನಲ್ಲ, ಮುಚ್ಚಳಗಳೂ ಇರಬಹುದು. ಆದರೂ ಸಾವಿರಾರು ವರ್ಷ ಹಿಂದಿನ ಕೈಯೊಂದು ಬೋಕಿಯನ್ನು ದುಂಡಗೆ ತಿಕ್ಕಿತ್ತು ಎಂಬುದು ನಿಜ.

ಗಂಗಾವತಿ ಎಂದರೆ ತುಂಗಭದ್ರೆಯ ನೀರು, ಹಸಿರು ಭತ್ತದ ಗದ್ದೆ. ಮರುದಿನ ಆನೆಗೊಂದಿಯ ಹೊಳೆದಂಡೆಯಲ್ಲಿ ನುಣುಪಾದ ಬೆಣಚುಕಲ್ಲೊಂದು ಸಿಕ್ಕಿತು. ಅಜ್ಜಿ ಹಿತ್ತಲಿನಲ್ಲಿ ಒಡೆದು ಬಿದ್ದಿದ್ದ ನೀರಿನ ಗಡಿಗೆಯ ಬೋಕಿಯನ್ನು ಎತ್ತಿಕೊಟ್ಟು, ಅದರ ಅಂಚನ್ನು ಒಗೆಯುವ ಕಲ್ಲಿಗೆ ತಿಕ್ಕುವುದನ್ನು ತೋರಿಸಿದರು. ಹೀಗೆ ಬಿಲ್ಲೆಗಳು ಐದಾದವು.

ಸಂಜೆ ಅಂಗಳದಲ್ಲಿ ಪರೀಕ್ಷೆ. ಒಂದು ಮನೆ ಗೀಚಿ, ಎಂಟು ಹೆಜ್ಜೆ ದೂರದಿಂದ ಒಂದೊಂದು ಬಿಲ್ಲೆಯನ್ನೂ ಇಪ್ಪತ್ತು ಸಲ ಎಸೆಯುವುದು. ನಿಂತ ಕಡೆಯೆಲ್ಲ ಸುಣ್ಣದ ಚುಕ್ಕೆ ಇಡುವುದು. ಹೊಳೆಕಲ್ಲು ಬಿದ್ದದ್ದು ಒಂದು ಕಡೆ, ಉರುಳಿ ನಿಂತದ್ದು ಇನ್ನೊಂದು ಕಡೆ. ಮರದ ತುಂಡು ಹಗುರವಾದ್ದರಿಂದ ಬಿದ್ದ ಮೇಲೂ ಪುಟಿಯಿತು, ಗಾಳಿಗೂ ಅಲುಗಿತು. ಮರಿಗೆಯ ತುಂಡು ನಯವಾದ್ದರಿಂದ ಜಾರುತ್ತಲೇ ಹೋಯಿತು. ಗ್ರಾನೈಟ್ ಚೂರು ಎರಡು ಸಲ ಮನೆಯ ನಟ್ಟನಡುವೆ ಬಿದ್ದಿತು, ಹುಡುಗಿ ಕುಣಿದಳು. ಆದರೆ ಮೂಲೆ ನೆಲಕ್ಕೆ ತಾಗಿದಾಗಲೆಲ್ಲ ಅದು ಹಾರಿ, ಚುಕ್ಕೆಗಳು ಅಂಗಳದ ತುಂಬ ಚೆದುರಿದವು.

ಕೊನೆಗೆ ಬೋಕಿ. ಅದರ ಇಪ್ಪತ್ತು ಚುಕ್ಕೆಗಳೂ ಒಂದು ಊಟದ ತಟ್ಟೆ ಮುಚ್ಚುವಷ್ಟು ಜಾಗದಲ್ಲೇ ಇದ್ದವು. ಆದರೆ ಒಂದೂ ಮನೆಯೊಳಗಿರಲಿಲ್ಲ! ಎಲ್ಲವೂ ಗೆರೆಯ ಎಡಕ್ಕೆ, ಒಂದು ಗೇಣು ಆಚೆ.

‘ಇದು ಎಲ್ಲಾಕ್ಕಿಂತ ಕೆಟ್ಟದ್ದು’ ಎಂದು ಹುಡುಗಿ ಅದನ್ನು ಬಿಸಾಡಹೊರಟಳು. ತಂದೆ ತಡೆದರು. ‘ಇಪ್ಪತ್ತು ಸಲ ಒಂದ ಕಡೆ ಬಿದ್ದೈತಿ. ಅದು ನೀ ಹೇಳಿದಂಗ ಕೇಳಾಕತ್ತೈತಿ. ನೀ ಹೇಳೂದ ಒಂದು ಗೇಣು ಎಡಕ್ಕ.’

ವಿಜ್ಞಾನದ ಪಾಠದಲ್ಲಿ ಅಳತೆಯ ದೋಷಗಳು ಎರಡು ಬಗೆ. ಒಂದೇ ದಿಕ್ಕಿನಲ್ಲಿ, ಒಂದೇ ಪ್ರಮಾಣದಲ್ಲಿ ಆಗುವ ತಪ್ಪನ್ನು ಗುರುತಿಸಿ ತಿದ್ದಬಹುದು. ದಿಕ್ಕುದೆಸೆಯಿಲ್ಲದೆ ಚೆದುರುವ ತಪ್ಪನ್ನು ಹಾಗೆ ತಿದ್ದಲಾಗದು. ಗ್ರಾನೈಟಿನ ಎರಡು ಒಳ್ಳೆಯ ಎಸೆತ ಅದೃಷ್ಟ. ಬೋಕಿಯ ಇಪ್ಪತ್ತು ‘ತಪ್ಪು’ ಎಸೆತ ನಂಬಿಕೆ. ಬೋಕಿಗೆ ಈ ಗುಣ ಬಂದದ್ದು ಅದರ ಆಕಾರದಿಂದ. ಅದು ಚಪ್ಪಟೆ, ಆದರೆ ಗಡಿಗೆಯ ಮೈಯಂತೆ ತುಸು ಬಾಗಿದೆ. ಉಬ್ಬು ಮೇಲಾಗಿ ಬಿದ್ದರೆ ಅಂಚು ಮಣ್ಣನ್ನು ಕಚ್ಚಿ ಹಿಡಿಯುತ್ತದೆ. ಮೈ ಒರಟಾದ್ದರಿಂದ ಘರ್ಷಣೆ ಸಾಕಷ್ಟು. ಕಾಲಿನಿಂದ ತಳ್ಳಲಾಗದಷ್ಟು ಭಾರವೂ ಇಲ್ಲ. ಅಂಚು ತಿಕ್ಕಿದ್ದರಿಂದ ಬರಿಗಾಲಿಗೆ ಗಾಯವಿಲ್ಲ. ಮಣಿಕಟ್ಟಿನಿಂದ ತಿರುಗಿಸಿ ಎಸೆದರೆ, ಬುಗುರಿಯಂತೆ ಆ ತಿರುಗುವಿಕೆಯೇ ಅದನ್ನು ಮಗುಚದಂತೆ ಕಾಯುತ್ತದೆ.

ಸಮುದ್ರದಾಚೆಯ ಆಟಗಾರರಿಗೂ ಇದೇ ಚಿಂತೆ. ಡಿಸ್ಕ್ ಗಾಲ್ಫ್ ಎಂಬ ಆಟದಲ್ಲಿ ಪ್ಲಾಸ್ಟಿಕ್ ತಟ್ಟೆಯನ್ನು ಎಸೆದು, ಸರಪಳಿ ಇಳಿಬಿಟ್ಟ ಬುಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಹಾಕಬೇಕು. ಅದಕ್ಕೆ ರೂಪ ಕೊಟ್ಟ ಅಮೆರಿಕದ ಎಡ್ ಹೆಡ್ರಿಕ್ 1976ರಲ್ಲಿ ಆ ಆಟದ ಸಂಘವನ್ನೂ ಕಟ್ಟಿದರು. ದೂರದ ಎಸೆತಕ್ಕೆ ಚೂಪು ಅಂಚಿನ ತಟ್ಟೆಯಾದರೆ, ಬುಟ್ಟಿಯ ಹತ್ತಿರದ ಕೊನೆಯ ಎಸೆತಕ್ಕೆ ‘ಪಟರ್’ ಎಂಬ ಬೇರೆಯೇ ತಟ್ಟೆ. ಸುಮಾರು 21 ಸೆಂ.ಮೀ. ಅಗಲ, 175 ಗ್ರಾಂ ಆಸುಪಾಸಿನ ತೂಕ, ಮೊಂಡು ಅಂಚು, ತುಸು ಉಬ್ಬಿದ ಬೆನ್ನು. ನಿಧಾನವಾಗಿ, ನೇರವಾಗಿ ಹೋಗಿ, ಬಿದ್ದಲ್ಲಿ ಹೆಚ್ಚು ಜಾರದೆ ನಿಲ್ಲುವುದೇ ಅದರ ಗುಣ. ಅಂಗಡಿಯಲ್ಲಿ ಬಗೆಬಗೆಯವು ದೊರೆತರೂ ಪಳಗಿದವರು ಒಂದೇ ಅಚ್ಚಿನ ಎರಡು ಮೂರನ್ನು ಕೊಂಡು ಅವುಗಳಲ್ಲೇ ಅಭ್ಯಾಸ ಮಾಡುತ್ತಾರೆ.

ಅಜ್ಜಿಗೆ ಪಟರ್ ಗೊತ್ತಿರಲಿಲ್ಲ. ಆದರೆ ಮೊಮ್ಮಗಳ ಚೀಲ ನೋಡಿ ಹೇಳಿದ ಮಾತು ಅದೇ: ‘ದಿನಕ್ಕೊಂದು ಬಿಲ್ಲಿ ಹಿಡಿದ್ರ ಕೈಗೆ ಯಾವುದರ ಗುಣ ತಿಳೀಬೇಕು ನನ್ನವ್ವ?’

ಮಕ್ಕಳಿಗೆ ಹೊಸ ಪೆನ್ನು, ಹೊಸ ಗೈಡು, ಹೊಸ ಟ್ಯೂಷನ್ ಎಂದು ವರ್ಷಕ್ಕೆ ಮೂರು ಸಲ ಬದಲಾಯಿಸುವ ಹಿರಿಯರೂ ಈ ಮಾತನ್ನು ಒಮ್ಮೆ ಕೇಳಿಸಿಕೊಳ್ಳಬಹುದು. ಎಡಕ್ಕೆ ಬೀಳುವ ಮಗು ಎಷ್ಟು ಎಡಕ್ಕೆ ಬೀಳುತ್ತಿದೆ ಎಂದು ಅಳೆಯುವ ಮುನ್ನವೇ ಬಿಲ್ಲೆ ಕಸಿದರೆ, ಅದು ತಿದ್ದಿಕೊಳ್ಳುವುದಾದರೂ ಯಾವುದನ್ನು?

ರಜೆ ಮುಗಿದು ಕುಷ್ಟಗಿಯ ಬಸ್ಸು ಹತ್ತುವಾಗ ನಾಲ್ಕು ಬಿಲ್ಲೆಗಳು ಅಜ್ಜಿಯ ಹಿತ್ತಲಿನಲ್ಲೇ ಉಳಿದವು. ಬೋಕಿಯೊಂದು ಮಾತ್ರ ಹುಡುಗಿಯ ಮುಷ್ಟಿಯಲ್ಲಿತ್ತು. ಹಿರೇಬೆಣಕಲ್ಲಿನ ಗುಡ್ಡ ಕಿಟಕಿಯಲ್ಲಿ ಹಾದುಹೋದಾಗ ಅವಳು ಅತ್ತ ನೋಡಿದಳು. ಅಲ್ಲಿನ ಬೋಕಿ ಅಲ್ಲೇ ಇತ್ತು. ಶಾಲೆ ಶುರುವಾದ ಮೊದಲ ದಿನ ಅವಳು ಎಂದಿನ ಗುರಿಗಿಂತ ಒಂದು ಗೇಣು ಬಲಕ್ಕೆ ಎಸೆದಳು.