ಎಬಿಸಿಡಿ ಕ್ರಮದಲ್ಲಿ ಒಂದು ಆಲ್ಬಮ್

2015ರಲ್ಲಿ ಇಂಜಿನಿಯರಿಂಗ್ ಸೇರಿದ ಹೊಸತರಲ್ಲಿ ಹಾಸ್ಟೆಲಿನ ಸೀನಿಯರ್ ಒಬ್ಬರ ಹಾರ್ಡ್ ಡಿಸ್ಕಿನಿಂದ ನನ್ನ ಲ್ಯಾಪ್‌ಟಾಪಿಗೆ ಏನೇನೋ ಬಂದು ಬಿತ್ತು. ಅದರಲ್ಲಿ ‘ಡಾನಿ ಡಾರ್ಕೊ’ ಅನ್ನುವ ಸಿನಿಮಾ ಇತ್ತು. ಅದರಲ್ಲಿ ಶಾಲೆಯ ಕಾರಿಡಾರಿನೊಳಗೆ ಕ್ಯಾಮೆರಾ ತೇಲಿಕೊಂಡು ಹೋಗುವ ದೃಶ್ಯಕ್ಕೆ ಒಂದು ಹಾಡು ಬರುತ್ತದಲ್ಲ, ‘ಹೆಡ್ ಓವರ್ ಹೀಲ್ಸ್’, ಅದನ್ನು ಹುಡುಕಿದರೆ ಅದೇ ಡಿಸ್ಕಿನಲ್ಲಿ ಪೂರ್ತಿ ಆಲ್ಬಮ್ಮೇ ಸಿಕ್ಕಿತು. ಟಿಯರ್ಸ್ ಫಾರ್ ಫಿಯರ್ಸ್ ತಂಡದ ‘ಸಾಂಗ್ಸ್ ಫ್ರಮ್ ದ ಬಿಗ್ ಚೇರ್’, 1985ರದ್ದು. ಎಂಟು ಹಾಡು.

ಆ ಫೈಲುಗಳಿಗೆ ಟ್ರ್ಯಾಕ್ ನಂಬರ್ ಇರಲಿಲ್ಲ. ಪ್ಲೇಯರ್ ಪಾಪ ಎಬಿಸಿಡಿ ಕ್ರಮದಲ್ಲಿ ನುಡಿಸುತ್ತಿತ್ತು. ಮೊದಲು ‘ಬ್ರೋಕನ್’, ಆಮೇಲೆ ‘ಎವ್ರಿಬಡಿ ವಾಂಟ್ಸ್ ಟು ರೂಲ್ ದ ವರ್ಲ್ಡ್’, ಹೀಗೆ. ‘ಶೌಟ್’ ಏಳನೆಯದು. ಕೊನೆಗೆ ‘ದ ವರ್ಕಿಂಗ್ ಅವರ್’. ಅಷ್ಟರಲ್ಲಿ ಸಾಮಾನ್ಯವಾಗಿ ನಿದ್ದೆ ಬಂದಿರುತ್ತಿತ್ತು. ನಾಲ್ಕು ವರ್ಷ ನನ್ನ ಪಾಲಿಗೆ ಆಲ್ಬಮ್ ಅಂದರೆ ಅದೇ.

ಪಂಕ್ ಗಲಾಟೆ ತಣ್ಣಗಾಗುವ ಹೊತ್ತಿಗೆ ಗಿಟಾರಿನ ಪಕ್ಕಕ್ಕೆ ಸಿಂಥಸೈಜರ್, ಡ್ರಮ್ ಮೆಷಿನ್ ಇಟ್ಟುಕೊಂಡು ಇಂಗ್ಲೆಂಡಿನ ಹುಡುಗರು ಮಾಡಿದ ಪಾಪ್ ಸಂಗೀತವನ್ನು ನ್ಯೂ ವೇವ್ ಅಂತ ಕರೆಯುತ್ತಾರೆ. ನನಗೆ ಆಗ ಇಷ್ಟವಾಗಿದ್ದು ಆ ಸದ್ದು. ಲ್ಯಾಬಿನಲ್ಲಿ ಆಸಿಲೋಸ್ಕೋಪಿನ ಮೇಲೆ ನೋಡಿದ ಅಲೆಗಳಿಗೆ ಯಾರೋ ಜೀವ ಕೊಟ್ಟ ಹಾಗೆ.

ಕಳೆದ ತಿಂಗಳು ಒಂದು ಭಾನುವಾರ ಫೋನಿನ ಆ್ಯಪಿನಲ್ಲಿ ಅದನ್ನೇ ಮತ್ತೆ ಹಾಕಿದೆ. ಅವರು ಜೋಡಿಸಿದ ಕ್ರಮದಲ್ಲೇ ಬಂತು. ‘ಶೌಟ್’ ಆದ ಮೇಲೆ ಎರಡನೆಯದೇ ‘ದ ವರ್ಕಿಂಗ್ ಅವರ್’. ಹೆಸರು ನೋಡಿ ಶುಕ್ರವಾರ ತುಂಬಬೇಕಿದ್ದ ಟೈಮ್‌ಶೀಟ್ ನೆನಪಾಯಿತು :-) ಸ್ಯಾಕ್ಸೊಫೋನ್ ಸುಮ್ಮನೆ ಅಲೆದಾಡುತ್ತಾ ಇರುತ್ತದೆ, ಹಾಡುಗಾರನಿಗೆ ಅವಸರವೇ ಇಲ್ಲ. ಇಪ್ಪತ್ತರ ವಯಸ್ಸಿಗೆ ಬೋರು ಹೊಡೆಸುತ್ತಿದ್ದ ಹಾಡು ಈಗ ಇಡೀ ಆಲ್ಬಮ್ಮಿನಲ್ಲಿ ನನ್ನದು ಅನ್ನಿಸಿತು. ಆದರೆ ನಾನು ಹೇಳಹೊರಟಿದ್ದು ಅದಲ್ಲ.

ಆರನೆಯದು ‘ಬ್ರೋಕನ್’. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಇಲ್ಲಿ ನಿಲ್ಲಲೇ ಇಲ್ಲ. ಉಸಿರು ಬಿಡದೆ ‘ಹೆಡ್ ಓವರ್ ಹೀಲ್ಸ್’ನ ಪಿಯಾನೋಗೆ ಹೋಗಿ ಸೇರಿತು. ಆ ಪ್ರೇಮಗೀತೆ ಮುಗಿಯುವಾಗ ‘ಬ್ರೋಕನ್’ ಮತ್ತೆ ಬಂತು, ಈ ಸಲ ಜನರ ಕೇಕೆಯ ನಡುವೆ, ವೇದಿಕೆಯ ಮೇಲೆ ಹಾಡಿದ್ದು. ಅಂದರೆ ಒಂದು ಒಲವಿನ ಹಾಡನ್ನು ಎರಡೂ ಕಡೆಯಿಂದ ಒಡಕು ಹಿಡಿದುಕೊಂಡಿದೆ. ನನ್ನ ಎಬಿಸಿಡಿ ಕ್ರಮದಲ್ಲಿ ಇವೆರಡರ ನಡುವೆ ಇನ್ನೊಂದು ಹಾಡು ಅಡ್ಡ ನಿಂತಿತ್ತು.

ಅವತ್ತು ಕೂತು ಇವರ ಬಗ್ಗೆ ಓದಿದೆ. ರೋಲೆಂಡ್ ಒರ್ಜಬಾಲ್, ಕರ್ಟ್ ಸ್ಮಿತ್ ಇಬ್ಬರೂ ಹದಿಹರೆಯದಲ್ಲಿ ಬಾತ್ ಊರಿನಲ್ಲಿ ಗೆಳೆಯರಾದವರು. ಇಬ್ಬರ ಮನೆಯಲ್ಲೂ ಅಪ್ಪ ಅಮ್ಮ ಬೇರೆಯಾಗಿದ್ದರು. ಆರ್ಥರ್ ಜ್ಯಾನೋವ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ಬಾಲ್ಯದಲ್ಲಿ ನುಂಗಿಕೊಂಡ ನೋವನ್ನು ಅತ್ತು ಕಿರುಚಿ ಹೊರಗೆ ಹಾಕಬೇಕು ಅಂತ ಬರೆದಿದ್ದ. ಇವರು ಅವನ ಪುಸ್ತಕಗಳಿಗೆ ಮಾರುಹೋಗಿ ತಂಡದ ಹೆಸರನ್ನೂ ಅಲ್ಲಿಂದಲೇ ತೆಗೆದುಕೊಂಡರು. ಆ ಚಿಕಿತ್ಸೆಗೆ ವೈಜ್ಞಾನಿಕ ಆಧಾರ ಗಟ್ಟಿಯಾಗಿಲ್ಲ, ನನಗೂ ನಂಬಿಕೆಯಿಲ್ಲ. (ಕಿರುಚಿದರೆ ಮೊದಲು ಬರುವವರು ಮನೆ ಓನರ್ರು.) ‘ಶೌಟ್’ ಕೂಡ ಆ ಕಿರುಚಾಟದ ಹಾಡಲ್ಲ, ರಾಜಕೀಯ ಪ್ರತಿಭಟನೆಯದು ಅಂತ ಒರ್ಜಬಾಲ್ ಆಮೇಲೆ ಹೇಳಿದ್ದಾನೆ. ಆಲ್ಬಮ್ಮಿನ ಹೆಸರು ಬಂದಿದ್ದು ‘ಸಿಬಿಲ್’ ಅನ್ನುವ 1976ರ ಟಿವಿ ಚಿತ್ರದಿಂದ. ಅದರ ಹುಡುಗಿಗೆ ಡಾಕ್ಟರಮ್ಮನ ದೊಡ್ಡ ಕುರ್ಚಿಯಲ್ಲಿ ಕೂತಾಗ ಮಾತ್ರ ಭಯವಿಲ್ಲ.

ನನಗೆ ಹನ್ನೊಂದು ವರ್ಷವಿದ್ದಾಗ ಅಪ್ಪ ಮನೆ ಬಿಟ್ಟು ಹೋದರು. ಜಗಳ ಏನೂ ಆಗಲಿಲ್ಲ, ನನಗೆ ಕೇಳಿಸುವ ಹಾಗಂತೂ ಇಲ್ಲ. ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಗಿದೆ ಅಂತ ಅಮ್ಮ ಎಲ್ಲರಿಗೂ ಹೇಳಿದಳು. ಆ ಟ್ರಾನ್ಸ್‌ಫರ್ ಇವತ್ತಿಗೂ ಮುಗಿದಿಲ್ಲ. ಪಕ್ಕದ ಮನೆಯವರು “ಅಪ್ಪ ಯಾವಾಗ ಬರ್ತಾರೋ ಮಾಣಿ?” ಅಂದರೆ “ದೀಪಾವಳಿಗೆ” ಅನ್ನುವುದು ನನಗೆ ಬಾಯಿಪಾಠ. ಬೇಸಿಗೆಯಲ್ಲಿ ಕೇಳಿದರೂ ದೀಪಾವಳಿಗೇ. ಯಾರೂ ಅಳಲಿಲ್ಲ, ಕಿರುಚಲಿಲ್ಲ. ನಮ್ಮಲ್ಲಿ ಅದಕ್ಕೆಲ್ಲ ಪದ್ಧತಿಯಿಲ್ಲ.

ಹಾಸ್ಟೆಲಿನಲ್ಲಿ ಇದ್ಯಾವುದೂ ಗೊತ್ತಿಲ್ಲದೆಯೇ ಆ ಆಲ್ಬಮ್ ನನ್ನನ್ನು ಯಾಕೆ ಹಿಡಿದುಕೊಂಡಿತು? ಒಡೆದ ಮನೆಯ ಹುಡುಗರು ಒಬ್ಬರನ್ನೊಬ್ಬರು ವಾಸನೆಯಲ್ಲೇ ಗುರುತು ಹಿಡಿಯುತ್ತಾರೆ ಅಂತೆಲ್ಲ ಬರೆದರೆ ಸಿನಿಮಾ ಡೈಲಾಗಾಗುತ್ತದೆ. ಟ್ಯೂನ್ ಚೆನ್ನಾಗಿತ್ತು, ಅದೂ ನಿಜ. ‘ಎವ್ರಿಬಡಿ...’ ಹಾಡು ಇವರು ಕೊನೆಗಳಿಗೆಯಲ್ಲಿ ಸೇರಿಸಿದ್ದು. ಒರ್ಜಬಾಲನಿಗೆ ಅದು ತೀರಾ ಹಗುರ ಅನ್ನಿಸಿತ್ತಂತೆ. ಅದೇ 1985ರ ಜೂನಿನಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಯಿತು! ಭಾರವನ್ನು ಹಗುರವಾಗಿ ಹೇಳುವುದು ಇವರಿಗೆ ಚೆನ್ನಾಗಿ ಬರುತ್ತಿತ್ತು. ನಮ್ಮಮ್ಮನಿಗೂ ಬರುತ್ತದೆ.

ಅಪ್ಪ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಕೆಲಸ, ಊಟ, ಮಳೆ, ಅಷ್ಟೆ. ಈ ಸಲ ಕೇಳಿಯೇ ಬಿಟ್ಟೆ.

“ಅಪ್ಪಾ, ಟ್ರಾನ್ಸ್‌ಫರ್ ಅಂತ ಹೇಳೋದು ಯಾರ ಐಡಿಯಾ?”

ಸ್ವಲ್ಪ ಹೊತ್ತು ಅವರ ಕಡೆಯ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

“ನಂದೇ ಕಣೋ. ನಿಮ್ಮಮ್ಮಂಗೆ ಇಷ್ಟ ಇರ್ಲಿಲ್ಲ.”

ಹದಿನೇಳು ವರ್ಷ ನಾನು ಅದನ್ನು ಅಮ್ಮನ ಮಾತು ಅಂದುಕೊಂಡಿದ್ದೆ. ಆಮೇಲೆ ಅವರು ಬೆಂಗಳೂರಿನಲ್ಲಿ ಮಳೆ ಬಂತಾ ಅಂತ ಕೇಳಿದರು. ಬಂತು ಅಂದೆ. ಇಬ್ಬರೂ ಫೋನ್ ಇಡಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಮಾತಾಡಿದೆವು. ಏನು ಅಂತ ಇಲ್ಲಿ ಬರೆಯುವುದಿಲ್ಲ.

ಹಾಂ, ಆ ಇಬ್ಬರೂ 1991ರಲ್ಲಿ ಮುನಿಸಿಕೊಂಡು ಬೇರೆಯಾಗಿ, ಮತ್ತೆ ಒಂದಾಗಿ 2004ರಲ್ಲೊಂದು, 2022ರಲ್ಲೊಂದು ಆಲ್ಬಮ್ ಮಾಡಿದ್ದಾರೆ. ಎರಡನೆಯದು, ‘ದ ಟಿಪ್ಪಿಂಗ್ ಪಾಯಿಂಟ್’, ನಾನಿನ್ನೂ ಕೇಳಿಲ್ಲ. ನಿಮ್ಮಲ್ಲಿ ಯಾರಾದರೂ ಕೇಳಿದ್ದರೆ ಹೇಗಿದೆ ಹೇಳಿ.