ಅಳು ಯಾರದಾದರೂ ಬೈಗುಳ ನಮ್ಮದೇ

ಸೀರಿಯಲ್ ನೋಡಿ ಅಳುವುದಕ್ಕೆ ಭಾಷೆ ಬೇಕಿಲ್ಲ, ಬೈಯುವುದಕ್ಕೆ ಬೇಕು. ಕಾಸರಗೋಡಿನಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಮ್ಮ ಮಲಯಾಳದ ಧಾರಾವಾಹಿ ನೋಡುತ್ತ ಸೆರಗಿನಲ್ಲಿ ಕಣ್ಣೊರಸಿಕೊಳ್ಳುವಳು. ಸೊಸೆಗೆ ಕಾಟ ಕೊಡುವ ಅತ್ತೆ ತೆರೆಗೆ ಬಂದಳೋ, ತಟ್ಟನೆ ಕನ್ನಡಕ್ಕೆ ಹೊರಳುವಳು: "ಇವಳಿಗೆ ಎಂಥ ರೋಗ ಬಂದದ್ದು ಮಾರಾಯ್ತಿ?" ಸಿಟ್ಟು ಅಲ್ಲಿಗೂ ಇಳಿಯದಿದ್ದರೆ ತುಳು. ಟಿವಿ ಮುಂದೆ ಅಮ್ಮ ಮಲಯಾಳದಲ್ಲಿ ಬೈದದ್ದನ್ನು ನಾನು ಕೇಳಿಯೇ ಇಲ್ಲ, ಅಂಗಡಿಯಲ್ಲಿ ಅದೇ ಭಾಷೆಯಲ್ಲಿ ಚೌಕಾಸಿ ಮಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲದಿದ್ದರೂ.

1987ರ ಜನವರಿ 25ರಂದು ದೂರದರ್ಶನದಲ್ಲಿ ರಮಾನಂದ ಸಾಗರರ 'ರಾಮಾಯಣ' ಶುರುವಾದಾಗ ಇಡೀ ಕರ್ನಾಟಕವೇ ನಮ್ಮ ಹಾಗೆ ಗಡಿನಾಡಾಯಿತು ಎನ್ನಬಹುದು. ಹಿಂದಿಯ ಗಂಧವಿಲ್ಲದ ಅಜ್ಜಿಯರು ಭಾನುವಾರ ಬೆಳಗ್ಗೆ ಮಿಂದು, ಟಿವಿಗೆ ಕೈಮುಗಿದು ಕೂತರು. ಕಥೆ ಗೊತ್ತಿತ್ತು, ಅಷ್ಟು ಸಾಕಿತ್ತು. ಮಂಥರೆಗೆ ಸಿಕ್ಕ ಸಹಸ್ರನಾಮವೆಲ್ಲ ಆಯಾ ಊರಿನ ಭಾಷೆಯಲ್ಲೇ ಸಿಕ್ಕಿರಬೇಕು.

ನಮ್ಮ ಕಡೆಯವರಿಗೆ ಒಂದೇ ಕಥೆಗೆ ಎರಡು ಸಲ ಮರುಗುವ ಯೋಗವೂ ಉಂಟು. 1993ರ 'ಮಣಿಚಿತ್ರತ್ತಾಳ್' ನೋಡಿ ಹೆದರಿದವರೇ ಹನ್ನೊಂದು ವರ್ಷದ ಮೇಲೆ 'ಆಪ್ತಮಿತ್ರ' ನೋಡಿದರು. ಮುಂದೇನೆಂದು ಪ್ರತಿಯೊಂದೂ ಗೊತ್ತಿದ್ದ ಚಿತ್ರ. ಆದರೆ ಅದರಲ್ಲಿ ಗಂಗಾ ಆಗಿದ್ದ ಸೌಂದರ್ಯ ತೀರಿಕೊಂಡದ್ದು 2004ರ ಏಪ್ರಿಲ್ 17ರಂದು, ಚಿತ್ರ ತೆರೆಗೆ ಬಂದದ್ದು ಆಗಸ್ಟಿನಲ್ಲಿ. ಗಂಗಾ ನಗುವ ಕಡೆಯಲ್ಲೆಲ್ಲ ನನ್ನ ಪಕ್ಕದ ಸಾಲಿನ ಹೆಂಗಸರು ಅತ್ತರು. ಮೂಲ ಚಿತ್ರದಲ್ಲಿ ಅಲ್ಲಿ ಅಳುವಂಥದ್ದೇನೂ ಇರಲಿಲ್ಲ.

ಕೆಲಸದ ದೆಸೆಯಿಂದ ಹಾಸನ ಜಿಲ್ಲೆಗೆ ಬಂದಾಗ ಇನ್ನು ಒಂದೇ ಭಾಷೆಯ ಬದುಕು ಎಂದುಕೊಂಡು ಬಂದೆ. ಇಲ್ಲಿ ನೋಡಿದರೆ ಕೌಶಿಕದ ಸಂಕೇತಿಗಳದೊಂದು ಮಾತು, ಗೊರೂರಿನ ಅಯ್ಯಂಗಾರರ ಮನೆಯೊಳಗೊಂದು ಮಾತು, ಹಾಸನ ಪೇಟೆಯಲ್ಲಿ ದಖನಿ. ಮನೆಯಲ್ಲಿ ದಖನಿ ಆಡಿ ಕನ್ನಡದಲ್ಲಿ ಬರೆದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಅವರೂ ಈ ಪೇಟೆಯವರೇ. ಅರಕಲಗೂಡಿನ ಕಡೆ ಶುಂಠಿ ಬೆಳೆಯಲು ಕೇರಳದವರು ಜಮೀನು ಗುತ್ತಿಗೆ ಹಿಡಿಯುತ್ತಾರೆ. ಬಸ್ಸಿನ ಕಿಟಕಿಯಿಂದ ಶುಂಠಿ ಹೊಲದ ಶೆಡ್ಡಿನ ಯೇಸುದಾಸ್ ಹಾಡು ಕಿವಿಗೆ ಬಿದ್ದಾಗ ನಾನು ಊರಿಗೇ ಹೊರಟಿದ್ದೇನೆಯೋ ಎನ್ನಿಸಿದ್ದುಂಟು. ಆ ಶೆಡ್ಡಿನಲ್ಲೇ ಕೆಲಸಕ್ಕೆ ಬಂದ ಊರ ಹೆಂಗಸರು ಆ ಹಾಡನ್ನು ಗುನುಗುತ್ತಾರೆ, ಒಂದು ಪದವೂ ತಿಳಿಯದೆ.

ಆದರೆ ಸಂಜೆ ಏಳೂವರೆಯ ಮೇಲೆ ಈ ಜಿಲ್ಲೆಯ ಹೆಂಗಸರ ಬಾಯಿಗೆ ಬರುವ ಕನ್ನಡವಿದೆಯಲ್ಲ, ಅದು ಬೇರೆ ಹೊತ್ತಿನಲ್ಲಿ ಕೇಳಸಿಗುವುದಿಲ್ಲ. ಹೊಳೆನರಸೀಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನಿ 'ಪುಟ್ಟಕ್ಕನ ಮಕ್ಕಳು' ನೋಡುತ್ತಿದ್ದದ್ದು ಕುಕ್ಕರ್ ಕೂಗುವುದನ್ನೂ ಲೆಕ್ಕಕ್ಕಿಡದೆ. ಮೆಸ್ಸು ನಡೆಸಿ ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನಾಗಿ ಉಮಾಶ್ರೀ ಕಣ್ಣೀರಿಟ್ಟರೆ ಇವರೂ ಇಟ್ಟರು. ಕೆಡುಕಿ ಪಾತ್ರ ಬಂದರೆ, "ಇವ್ಳ ಮನೆ ಎಕ್ಕುಟ್ಟೋಗ! ಅದೇನ್ ಕೊಬ್ಬು ನೋಡಿ ಮೇಡಮ್ಮೋರೆ" ಎಂದು ನನ್ನ ಸಾಕ್ಷಿ ಕೇಳುವರು. 2024ರ ಕೊನೆಗೆ ಕತೆಯೊಳಗಿನ ಸ್ನೇಹಾಳನ್ನು ಅಪಘಾತದಲ್ಲಿ ಸಾಯಿಸಿದಾಗ ರಾಜ್ಯದ ಎಷ್ಟೋ ಮಂದಿ ಸಿಟ್ಟಾದರು, ಇನ್ನು ನೋಡುವುದೇ ಇಲ್ಲ ಎಂದರು. ನಮ್ಮ ಯಜಮಾನಿ ಬೈದದ್ದು ಪಾತ್ರವನ್ನಲ್ಲ, ಕತೆ ಬರೆದವರನ್ನು. ಓದಿಸಿ ಅಷ್ಟು ದೊಡ್ಡ ಅಧಿಕಾರಿ ಮಾಡಿದ ಮಗಳನ್ನು ಹಾಗೆ ಕೊಲ್ಲಬಹುದೇ ಎಂಬುದು ಅವರ ಪ್ರಶ್ನೆ. ವಿಮರ್ಶಕರು ಇಷ್ಟು ನೇರವಾಗಿ ಕೇಳಿದ್ದನ್ನು ನಾನು ಓದಿಲ್ಲ.

ಡಬ್ಬಿಂಗ್ ಬಂದರೆ ಕನ್ನಡ ಕೆಡುತ್ತದೆ ಎಂಬ ವಾದ ಈ ನಾಡಿನಲ್ಲಿ ದಶಕಗಳ ಕಾಲ ನಡೆಯಿತು. 2012ರಲ್ಲಿ ಆಮೀರ್ ಖಾನರ 'ಸತ್ಯಮೇವ ಜಯತೇ' ಅದೇ ಕಾರಣಕ್ಕೆ ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಆದೇಶಿಸಿತು. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತು, ಹಿಂದಿಯ ಧಾರಾವಾಹಿಗಳು ಕನ್ನಡದ ದನಿ ತೊಟ್ಟು ಸಾಲಾಗಿ ಬಂದವು. ತುಟಿ ಒಂದು ಕಡೆ, ಮಾತು ಒಂದು ಕಡೆ ಹೋಗುವ ಅವು ನನಗೆ ಇವತ್ತಿಗೂ ರುಚಿಸುವುದಿಲ್ಲ. ಹಾಗೆ ಬಂದವುಗಳಲ್ಲಿ ಒಂದು, ಅಂಬೇಡ್ಕರ್ ಬದುಕಿನ ಕತೆ 'ಮಹಾನಾಯಕ'. ಅದನ್ನು ನಿಲ್ಲಿಸಬೇಕೆಂದು ವಾಹಿನಿಗೆ ಬೆದರಿಕೆ ಕರೆ ಬಂದ ಸುದ್ದಿ ಹೊರಬಿದ್ದದ್ದೇ ತಡ, ರಾಜ್ಯದ ಹಳ್ಳಿ ಹಳ್ಳಿಗಳಲ್ಲಿ ಅದರ ಪರವಾಗಿ ಫ್ಲೆಕ್ಸ್ ಎದ್ದವು. ಒಂದು ಧಾರಾವಾಹಿಗೆ, ಅದೂ ಡಬ್ ಆದದ್ದಕ್ಕೆ, ಜನ ಕೈಯಿಂದ ದುಡ್ಡು ಹಾಕಿ ಊರ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿದರು.

ಅರಕಲಗೂಡು ತಾಲ್ಲೂಕಿನ ಒಂದು ಮನೆಯ ಜಗಲಿಯಲ್ಲಿ ಅದರ ಒಂದು ಕಂತು ನೋಡಿದೆ. ಶಾಲೆಯಲ್ಲಿ ಬಾಲಕ ಭೀಮರಾವ್‌ಗೆ ನೀರು ಮುಟ್ಟಗೊಡದ ದೃಶ್ಯ. ಅಜ್ಜರೊಬ್ಬರು ಟಿವಿಯನ್ನೇ ಉದ್ದೇಶಿಸಿ, "ನಮ್ ಇಸ್ಕೂಲಲ್ಲೂ ಲೋಟ ಮುಟ್ಟಂಗಿರ್ನಿಲ್ಲ ಕಣಪ್ಪ" ಎಂದರು. ಆ ಹುಡುಗನ ತುಟಿ ಹಿಂದಿಯಲ್ಲಿ ಆಡುತ್ತಿದ್ದದ್ದು ಅವರ ಗಮನಕ್ಕೂ ಬಂದಿರಲಿಕ್ಕಿಲ್ಲ. ನನಗೂ ಆಮೇಲೆ ಕಾಣಿಸಲಿಲ್ಲ.

ಚನ್ನರಾಯಪಟ್ಟಣದ್ದು ತಿರುಗುಮುರುಗು. ಎಸ್.ಎಲ್. ಭೈರಪ್ಪನವರ ಹುಟ್ಟೂರು ಸಂತೇಶಿವರ ಆ ತಾಲ್ಲೂಕಿನದು. ಅವರ 1970ರ ಕಾದಂಬರಿ 'ಗೃಹಭಂಗ'ವನ್ನು ಗಿರೀಶ ಕಾಸರವಳ್ಳಿ ಈಟಿವಿಗೆ ಧಾರಾವಾಹಿ ಮಾಡಿದರು. ಕೆಲಸಕ್ಕೆ ಬಾರದ ಶ್ಯಾನುಭೋಗ ಗಂಡ, ಒಬ್ಬಳೇ ಸಂಸಾರ ಎಳೆಯುವ ನಂಜಮ್ಮ, ಪ್ಲೇಗಿನಲ್ಲಿ ಒಟ್ಟೊಟ್ಟಿಗೆ ಸಾಯುವ ಮಕ್ಕಳು. ಅದೇ ಸೀಮೆಯ ಕತೆ, ಅದೇ ಸೀಮೆಯ ಮಾತು. ಆ ಕಡೆಯ ಹಿರಿಯರೊಬ್ಬರು ನನಗೆ ಹೇಳಿದ್ದು: ಪ್ಲೇಗಿನ ಕಂತುಗಳು ಬಂದಾಗ ಅವರ ತಾಯಿ ಟಿವಿ ಆರಿಸಿ ಒಳಗೆ ಹೋಗಿಬಿಡುತ್ತಿದ್ದರಂತೆ, ಊರು ಬಿಟ್ಟು ಗುಡಿಸಲು ಹಾಕಿಕೊಂಡಿದ್ದ ದಿನಗಳು ಅವರಿಗೆ ನೆನಪಿದ್ದವು. ಬೈಗುಳಕ್ಕೂ ಅಲ್ಲಿ ಎಡೆಯಿರಲಿಲ್ಲವೇನೋ. ಅತ್ತೆ ಗಂಗಮ್ಮನ ಬಾಯಿಯ ಮುಂದೆ ನೋಡುವವರು ಹೊಸದಾಗಿ ಸೇರಿಸುವುದಕ್ಕೆ ಉಳಿದಿದ್ದೇನು?

ಹಾಡಿನ ಲೆಕ್ಕವೇ ಬೇರೆ, ಅಲ್ಲಿ ಬೈಯಲು ಯಾರೂ ಸಿಗುವುದಿಲ್ಲ. ಸಿ. ಅಶ್ವತ್ಥ್ ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ, 1939ರ ಡಿಸೆಂಬರ್ 29ರಂದು. ಹೋದದ್ದೂ ಡಿಸೆಂಬರ್ 29ರಂದೇ, 2009ರಲ್ಲಿ. ಶಿಶುನಾಳ ಶರೀಫರ ಪದಗಳನ್ನು ಅವರು ಏರುದನಿಯಲ್ಲಿ ಹಾಡಿದ್ದು ಕಾಸರಗೋಡಿನ ನಮ್ಮ ಕನ್ನಡ ಶಾಲೆಯ ವಾರ್ಷಿಕೋತ್ಸವಕ್ಕೂ ಬಂದು ಮುಟ್ಟಿತ್ತು. ಹುಬ್ಬಳ್ಳಿ ಕಡೆಯ ಆ ಪದಗಳಲ್ಲಿ ಅರ್ಧಕ್ಕರ್ಧ ನಮಗೆ ತಿಳಿಯುತ್ತಿರಲಿಲ್ಲ. ಗಂಟಲು ಹರಿಯುವಂತೆ ಹಾಡುತ್ತಿದ್ದೆವು.

ಈಗಿನ ಹುಡುಗಿಯರು ಕೊರಿಯಾದ ಬಿಟಿಎಸ್ ಹಾಡುಗಳನ್ನು ಹಾಗೆಯೇ ಹಾಡುತ್ತಾರೆ. 2022ರಲ್ಲಿ ಆ ತಂಡದ ಹುಡುಗರು ಒಬ್ಬೊಬ್ಬರೇ ಮಿಲಿಟರಿಗೆ ಹೊರಡುವ ಸುದ್ದಿ ಬಂದ ದಿನ ಹಾಸನದ ಹಾಸ್ಟೆಲೊಂದರಲ್ಲಿ ರಾತ್ರಿಯೂಟ ಉಳಿಯಿತು ಎಂದು ವಿದ್ಯಾರ್ಥಿನಿಯೊಬ್ಬಳು ನಗುತ್ತ ಹೇಳಿದಳು. ನಗುವ ವಿಷಯವೇ ಎಂದು ಅನುಮಾನವಾಗುವುದು ಕರೂರಿನ ಸುದ್ದಿ ನೆನೆದಾಗ. 2024ರ ಜನವರಿಯಲ್ಲಿ ತಮಿಳುನಾಡಿನ ಆ ಜಿಲ್ಲೆಯ ಮೂವರು ಶಾಲಾ ಹುಡುಗಿಯರು ಹದಿನಾಲ್ಕು ಸಾವಿರ ರೂಪಾಯಿ ಹಿಡಿದು, ವಿಶಾಖಪಟ್ಟಣದಿಂದ ಹಡಗು ಹತ್ತಿ ಕೊರಿಯಾಕ್ಕೆ ಹೋಗುವುದೆಂದು ಮನೆ ಬಿಟ್ಟಿದ್ದರು. ಕಾಟ್ಪಾಡಿ ರೈಲು ನಿಲ್ದಾಣದಲ್ಲಿ ಸಿಕ್ಕರು, ಪುಣ್ಯ.

ಕೊರಿಯಾದ ಧಾರಾವಾಹಿ ಹೊಳೆನರಸೀಪುರದ ನಮ್ಮ ಯಜಮಾನಿಯ ಮನೆಗೂ ಬಂತು, ರಜೆಗೆ ಬಂದ ಮೊಮ್ಮಗಳ ಮೊಬೈಲಿನಲ್ಲಿ, ಹಿಂದಿಯ ದನಿ ಹೊತ್ತು. ಅಜ್ಜಿಗೆ ಕೊರಿಯನ್ನೂ ಬಾರದು, ಹಿಂದಿಯೂ ಬಾರದು. ಮೊದಲು "ಎಲ್ಲಾ ಒಂದೇ ಥರ ಅವ್ರಲ್ಲೇ" ಎಂದು ಅವರೆಕಾಯಿ ಬಿಡಿಸುತ್ತ ಕೂತಿದ್ದರು. ತೆರೆಯ ಮೇಲೆ ಶ್ರೀಮಂತ ಹುಡುಗನ ತಾಯಿ ಬಡ ಹುಡುಗಿಯನ್ನು ಹೋಟೆಲಿಗೆ ಕರೆಸಿ, ಮೇಜಿನ ಮೇಲೆ ಒಂದು ಕವರ್ ಸರಿಸಿದಳು.

"ಏನೈತೆ ಅದ್ರಾಗೆ?"

"ದುಡ್ಡು ಕಣಜ್ಜಿ. ನನ್ ಮಗನ್ನ ಬಿಟ್ಬುಡು ಅಂತ."

ಅವರೆಕಾಯಿ ಕೈಯಲ್ಲೇ ಉಳಿಯಿತು. "ಇವ್ಳ ದುಡ್ಡಿಗಿಷ್ಟು ಬೆಂಕಿ ಹಾಕ! ಏನ್ ನೋಡ್ತಾ ಕುಂತಿದ್ದೀಯವ್ವ, ಎದ್ ಬಾ ಅತ್ಲಾಗೆ."